ತೋಪುಗಳೇ ಸಾಮ್ರಾಜ್ಯ ಕಟ್ಟಿದವೆ? ಆಟೋಮನ್, ಸಫಾವಿದ್, ಮೊಘಲರ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಆಟೋಮನ್ ತುರ್ಕರು, ಇರಾನಿನ ಸಫಾವಿದರು, ನಮ್ಮ ಮೊಘಲರು ಈ ಮೂವರನ್ನೂ ಸೇರಿಸಿ ‘ಸಿಡಿಮದ್ದಿನ ಸಾಮ್ರಾಜ್ಯಗಳು’ ಎಂದು ಕರೆಯುವುದನ್ನು ಈಚೆಗೆ ಓದಿದೆ. ಇವರು ನಿಜವಾಗಿಯೂ ತೋಪು, ಕೋವಿಗಳ ಬಲದಿಂದಲೇ ಮೇಲೆ ಬಂದರೆ? 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲನ್ನು ಗೆದ್ದು ವ್ಯಾಪಾರದ ದಾರಿ ಮುಚ್ಚಿದ್ದರಿಂದಲೇ ಯುರೋಪಿನವರು ಸಮುದ್ರಮಾರ್ಗ ಹುಡುಕಿದರು ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದು ಎಷ್ಟರಮಟ್ಟಿಗೆ ಸರಿ? ಮೊಘಲರನ್ನು ಬಿಟ್ಟರೆ ಉಳಿದಿಬ್ಬರ ಪ್ರಭಾವ ನಮ್ಮ ಕಡೆಗೂ ತಲುಪಿತ್ತೆ?

ಉತ್ತರ: ನೀವು ಓದಿರುವ ಹೆಸರು ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಇಬ್ಬರು ಇತಿಹಾಸಕಾರರಿಂದ ಬಳಕೆಗೆ ಬಂದದ್ದು. ಅವರ ವಾದ ಸರಳವಾಗಿತ್ತು. ದೊಡ್ಡ ತೋಪುಗಳನ್ನು ಎರಕ ಹೊಯ್ಯಿಸಲು ಅಪಾರ ಹಣ ಬೇಕು, ಅಷ್ಟು ಹಣ ಕೇಂದ್ರದಲ್ಲಿರುವ ಅರಸನಿಗೆ ಮಾತ್ರ ಇರುತ್ತದೆ, ಆದ್ದರಿಂದ ತೋಪು ಬಂದ ಮೇಲೆ ಕೋಟೆಯೊಳಗೆ ಕುಳಿತು ಸೆಡ್ಡು ಹೊಡೆಯುತ್ತಿದ್ದ ಪಾಳೆಯಗಾರರ ಆಟ ನಿಂತು, ವಿಶಾಲವಾದ ಏಕಾಡಳಿತ ಸಾಧ್ಯವಾಯಿತು ಎಂಬುದು ಅದರ ತಿರುಳು. ಕೇಳಲು ಅಚ್ಚುಕಟ್ಟಾದ ವಾದವಿದು. ಆದರೆ ಮೂರೂ ರಾಜ್ಯಗಳ ಹುಟ್ಟನ್ನು ಒಂದೊಂದಾಗಿ ಪರೀಕ್ಷಿಸಿದರೆ ಈ ವಾದ ಒಂದರಲ್ಲಿ ಅರ್ಧ ನಿಲ್ಲುತ್ತದೆ, ಒಂದರಲ್ಲಿ ನಿಲ್ಲುವುದೇ ಇಲ್ಲ. ಸಿಡಿಮದ್ದಿನ ಮಹತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತೋಪಿಗಿಂತ ಮೊದಲು ನೋಡಬೇಕಾದದ್ದು ತೋಪು ಹಾರಿಸುವವನಿಗೆ ತಿಂಗಳು ತಿಂಗಳೂ ಸಂಬಳ ಕೊಟ್ಟ ವ್ಯವಸ್ಥೆಯನ್ನು.

ಆಟೋಮನ್ನರಿಂದ ಆರಂಭಿಸೋಣ. 1300ರ ಆಸುಪಾಸಿನಲ್ಲಿ ಅನತೋಲಿಯದ, ಎಂದರೆ ಇಂದಿನ ತುರ್ಕಿಯ, ವಾಯವ್ಯ ಮೂಲೆಯಲ್ಲಿ, ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಬೈಜಾಂಟಿಯಂ ಸಾಮ್ರಾಜ್ಯದ ಗಡಿಯಲ್ಲಿ, ಉಸ್ಮಾನ್ ಎಂಬ ತುರ್ಕ ನಾಯಕನ ಸಣ್ಣ ಪಂಗಡವೊಂದಿತ್ತು. ಅವನ ಮಗ 1326ರಲ್ಲಿ ಬುರ್ಸಾ ನಗರವನ್ನು ಪಡೆದ. 1354ರಲ್ಲಿ ಇವರು ಜಲಸಂಧಿ ದಾಟಿ ಗಲ್ಲಿಪೊಲಿಯಲ್ಲಿ ನೆಲೆಯೂರಿದರು. 1389ರ ಕೊಸೊವೊ ಯುದ್ಧದ ಹೊತ್ತಿಗೆ ಬಾಲ್ಕನ್ ಪ್ರದೇಶದ ಬಹುಭಾಗ ಇವರ ಹಿಡಿತಕ್ಕೆ ಬರುತ್ತಿತ್ತು. ಇಷ್ಟೆಲ್ಲ ನಡೆದದ್ದು ಕುದುರೆ ಸವಾರರು ಮತ್ತು ಬಿಲ್ಲುಗಾರರಿಂದ. 1402ರಲ್ಲಿ ಅಂಕಾರಾದ ಬಳಿ ತೈಮೂರನು ಸುಲ್ತಾನ ಬಾಯಜೀದನನ್ನು ಸೋಲಿಸಿ ಸೆರೆಹಿಡಿದಾಗ ರಾಜ್ಯ ಚೂರುಚೂರಾಯಿತು, ರಾಜಕುಮಾರರು ಹನ್ನೊಂದು ವರ್ಷ ಪರಸ್ಪರ ಕಾದಾಡಿದರು; ಆದರೂ 1413ರ ನಂತರ ಅದೇ ಮನೆತನದ ಕೈಯಲ್ಲಿ ರಾಜ್ಯ ಮತ್ತೆ ಕೂಡಿಕೊಂಡಿತು. ಆ ಚೇತರಿಕೆಯಲ್ಲಿ ತೋಪುಗಳ ಪಾತ್ರ ದೊಡ್ಡದಲ್ಲ.

ಹಾಗಾದರೆ 1453? ಇಪ್ಪತ್ತೊಂದು ವರ್ಷದ ಎರಡನೆಯ ಮೆಹಮದನು ಐವತ್ತಮೂರು ದಿನ ಮುತ್ತಿಗೆ ಹಾಕಿ, ಮೇ 29ರಂದು ಕಾನ್‌ಸ್ಟಾಂಟಿನೋಪಲ್ ಹೊಕ್ಕದ್ದರಲ್ಲಿ ತೋಪುಗಳ ಪಾಲು ನಿಸ್ಸಂದೇಹವಾಗಿ ದೊಡ್ಡದು. ಆದರೆ ಆ ಪ್ರಸಿದ್ಧ ಮಹಾತೋಪನ್ನು ಎರಕ ಹೊಯ್ದವನು ತುರ್ಕನಲ್ಲ, ಹಂಗೇರಿಯಿಂದ ಬಂದ ಓರ್ಬಾನ್ ಎಂಬ ಕುಶಲಕರ್ಮಿ. ಅವನು ಮೊದಲು ಹೋಗಿ ಕೆಲಸ ಕೇಳಿದ್ದು ಬೈಜಾಂಟಿಯಂನ ಚಕ್ರವರ್ತಿಯ ಬಳಿ. ಅಲ್ಲಿ ಅವನಿಗೆ ಕೊಡಲು ತಕ್ಕಷ್ಟು ಹಣವೂ ಇರಲಿಲ್ಲ, ಲೋಹವೂ ಇರಲಿಲ್ಲ. ಮೆಹಮದನು ಅವನು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಎದಿರ್ನೆ ನಗರದಲ್ಲಿ ಕೆಲಸಕ್ಕೆ ಹಚ್ಚಿದ. ವಿದ್ಯೆ ಒಬ್ಬನದೇ, ಅದನ್ನು ಕೊಳ್ಳುವ ಶಕ್ತಿ ಯಾರಿಗಿತ್ತು ಎಂಬುದು ಫಲಿತಾಂಶವನ್ನು ನಿರ್ಧರಿಸಿತು. ತರಗತಿಯಲ್ಲಿ ಈ ಘಟನೆಯನ್ನು ಹೇಳುವಾಗ ಓರ್ಬಾನನ ಈ ಅಲೆದಾಟವನ್ನೂ ಸೇರಿಸಿದರೆ ಮಕ್ಕಳಿಗೆ ವಿಷಯ ಬೇಗ ಅರ್ಥವಾಗುತ್ತದೆ.

ಸಫಾವಿದರ ಉದಯದಲ್ಲಂತೂ ತೋಪಿನ ಮಾತೇ ಬರುವುದಿಲ್ಲ. ಅದು ಹುಟ್ಟಿದ್ದು ಇರಾನಿನ ವಾಯವ್ಯದ ಅರ್ದಬೀಲಿನ ಒಂದು ಸೂಫಿ ಪೀಠದಿಂದ. 1334ರಲ್ಲಿ ತೀರಿಕೊಂಡ ಶೇಖ್ ಸಫಿಯುದ್ದೀನನ ವಂಶದವರು ಕ್ರಮೇಣ ಗುರುಗಳಾಗಿದ್ದುದರ ಜೊತೆಗೆ ದಂಡನಾಯಕರೂ ಆದರು. ಅನತೋಲಿಯ ಮತ್ತು ಅಜರ್‌ಬೈಜಾನಿನ ತುರ್ಕಮಾನ್ ಬುಡಕಟ್ಟಿನವರು ಅವರ ಶಿಷ್ಯರಾದರು. ಶಿಯಾ ಮುಸ್ಲಿಮರು ಗೌರವಿಸುವ ಹನ್ನೆರಡು ಇಮಾಮರ, ಎಂದರೆ ಧರ್ಮಗುರುಗಳ, ನೆನಪಿಗೆ ಹನ್ನೆರಡು ಮಡಿಕೆಗಳಿದ್ದ ಕೆಂಪು ಶಿರಸ್ತ್ರಾಣ ಧರಿಸುತ್ತಿದ್ದುದರಿಂದ ಇವರಿಗೆ ಕಿಜಿಲ್‌ಬಾಷ್, ಅಂದರೆ ಕೆಂದಲೆಯವರು, ಎಂಬ ಹೆಸರು ಬಂತು. 1501ರಲ್ಲಿ ಇಸ್ಮಾಯಿಲ್ ಎಂಬ ಹದಿನಾಲ್ಕರ ಹುಡುಗ ಇವರ ಮುಂದಾಳಾಗಿ ತಬ್ರೀಜನ್ನು ಗೆದ್ದು ಶಾಹ್ ಎಂದು ಘೋಷಿಸಿಕೊಂಡ. ಖತಾಯಿ ಎಂಬ ಕಾವ್ಯನಾಮದಲ್ಲಿ ತುರ್ಕಿ ಭಾಷೆಯಲ್ಲಿ ಪದ್ಯ ಕಟ್ಟುತ್ತಿದ್ದ ಈ ತರುಣನನ್ನು ಅನುಯಾಯಿಗಳು ಬರಿಯ ಅರಸನೆಂದಲ್ಲ, ದೈವಾಂಶವುಳ್ಳ ಗುರುವೆಂದು, ಸೋಲರಿಯದವನೆಂದು ನಂಬಿದ್ದರು. ಹತ್ತು ವರ್ಷದೊಳಗೆ ಇರಾನ್ ಮತ್ತು ಇರಾಕ್ ಅವನ ಕೈಸೇರಿದವು. ಇದನ್ನು ಸಾಧಿಸಿದ್ದು ಗುರುಭಕ್ತಿ.

ಆ ಭಕ್ತಿಗೆ ತೋಪು ಎದುರಾದದ್ದು 1514ರ ಆಗಸ್ಟ್ 23ರಂದು, ಚಾಲ್ಡಿರಾನ್ ಬಯಲಿನಲ್ಲಿ. ಆಟೋಮನ್ ಸುಲ್ತಾನ ಮೊದಲನೆಯ ಸಲೀಮನು ಗಾಡಿಗಳನ್ನು ಸರಪಳಿಯಿಂದ ಬಿಗಿದು, ಅವುಗಳ ನಡುವೆ ತೋಪುಗಳನ್ನೂ ಹಿಂದೆ ಕೋವಿ ಹಿಡಿದ ಜಾನಿಸರಿ ಕಾಲಾಳುಗಳನ್ನೂ ನಿಲ್ಲಿಸಿದ್ದ. ಕಿಜಿಲ್‌ಬಾಷ್ ಸವಾರರು ಆ ಗೋಡೆಗೆ ನುಗ್ಗಿ ನೆಲಕ್ಕುರುಳಿದರು. ಸಿಡಿಮದ್ದಿನ ಸಿದ್ಧಾಂತದವರು ಹೆಚ್ಚಾಗಿ ಎತ್ತಿಹಿಡಿಯುವ ಉದಾಹರಣೆ ಇದೇ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು ಸರಿಯಲ್ಲ. ಸಲೀಮನು ತಬ್ರೀಜನ್ನು ಹೊಕ್ಕನಾದರೂ ಅಲ್ಲಿ ಚಳಿಗಾಲ ಕಳೆಯಲು ಜಾನಿಸರಿಗಳು ಒಪ್ಪದೆ ಹೋದದ್ದರಿಂದ ಕೆಲವೇ ದಿನಗಳಲ್ಲಿ ಹಿಂದಿರುಗಬೇಕಾಯಿತು. ಅವನ ಮಗ ಸುಲೇಮಾನನು ಮತ್ತೆ ಮತ್ತೆ ದಂಡೆತ್ತಿ ಬಂದಾಗ ಇಸ್ಮಾಯಿಲನ ಮಗ ಶಾಹ್ ತಹಮಾಸ್ಪನು ಬಯಲಿನಲ್ಲಿ ಎದುರು ನಿಲ್ಲಲೇ ಇಲ್ಲ. ಬೆಳೆಗಳನ್ನು ಸುಡಿಸಿ, ಬಾವಿಗಳನ್ನು ಮುಚ್ಚಿಸಿ ಒಳನಾಡಿಗೆ ಸರಿದುಬಿಡುತ್ತಿದ್ದ. ತೋಪುಗಳಿಗೆ ಗುರಿಯೇ ಸಿಗುತ್ತಿರಲಿಲ್ಲ, ಎತ್ತುಗಳಿಗೆ ಮೇವು ಸಿಗುತ್ತಿರಲಿಲ್ಲ. 1534ರಲ್ಲಿ ಬಾಗ್ದಾದ್ ಆಟೋಮನ್ನರ ಪಾಲಾಯಿತು, ಇರಾನ್ ಆಗಲಿಲ್ಲ. 1555ರ ಅಮಾಸ್ಯಾ ಒಪ್ಪಂದ ಈ ಸ್ಥಿತಿಗೆ ಮುದ್ರೆಯೊತ್ತಿತು.

ಇನ್ನು ಬಾಬರ್. 1526ರ ಏಪ್ರಿಲ್ 21ರಂದು ಪಾಣಿಪತ್ತಿನಲ್ಲಿ ಅವನು ಅನುಸರಿಸಿದ್ದು ಚಾಲ್ಡಿರಾನಿನ ಕ್ರಮವನ್ನೇ. ಏಳುನೂರು ಗಾಡಿಗಳನ್ನು ತೊಗಲಿನ ಹಗ್ಗಗಳಿಂದ ‘ರೂಮಿ’ ರೀತಿಯಲ್ಲಿ, ಎಂದರೆ ಆಟೋಮನ್ನರ ರೀತಿಯಲ್ಲಿ ಬಿಗಿಸಿದ್ದಾಗಿ ಅವನೇ ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ತೋಪುಗಳ ಉಸ್ತುವಾರಿ ಉಸ್ತಾದ್ ಅಲಿ ಕುಲಿ ಮತ್ತು ಮುಸ್ತಫಾ ರೂಮಿ ಎಂಬಿಬ್ಬರದಾಗಿತ್ತು. ಆದರೂ ಇಬ್ರಾಹಿಂ ಲೋದಿಯ ದೊಡ್ಡ ಸೈನ್ಯವನ್ನು ಎರಡೂ ಬದಿಯಿಂದ ಸುತ್ತಿ ನಡುವಿಗೆ ಒತ್ತರಿಸಿದವರು ಮಧ್ಯ ಏಷ್ಯಾದ ಕುದುರೆ ಬಿಲ್ಲುಗಾರರು. ಹಾಗೆ ಒತ್ತಿಹೋದ ಗುಂಪಿನ ಮೇಲೆ ತೋಪು, ಕೋವಿಗಳು ಕೆಲಸ ಮಾಡಿದವು. ಎರಡರಲ್ಲಿ ಒಂದಿಲ್ಲದಿದ್ದರೂ ಆ ದಿನದ ಫಲ ಬೇರೆಯಾಗುತ್ತಿತ್ತು.

ಇಲ್ಲಿ ನೀವು ನಮ್ಮದೇ ನೆಲದ ಒಂದು ಯುದ್ಧವನ್ನು ಮಕ್ಕಳ ಮುಂದಿಡಬಹುದು. ಪಾಣಿಪತ್ತಿಗೆ ಆರು ವರ್ಷ ಮೊದಲು, 1520ರಲ್ಲಿ, ರಾಯಚೂರಿನ ಬಳಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಖಾನನಿಗೂ ಯುದ್ಧವಾಯಿತು. ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಹೇಳುವಂತೆ ಬಿಜಾಪುರದ ಕಡೆ ತೋಪುಗಳು ಹೇರಳವಾಗಿದ್ದವು. ಅವೆಲ್ಲ ಒಮ್ಮೆಲೇ ಸಿಡಿದಾಗ ವಿಜಯನಗರದ ಮುಂಚೂಣಿ ಚದುರಿಹೋಯಿತು. ಆದರೆ ಆ ಕಾಲದ ತೋಪಿಗೆ ಮತ್ತೆ ಮದ್ದು ತುಂಬಲು ಬಹಳ ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ರಾಯನು ತಾನೇ ಎರಡನೆಯ ಪಡೆಯೊಡನೆ ನುಗ್ಗಿ ಶತ್ರುಗಳನ್ನು ಕೃಷ್ಣಾ ನದಿಯವರೆಗೆ ಅಟ್ಟಿದ. ನ್ಯೂನಿಜನ ಲೆಕ್ಕದಲ್ಲಿ 400 ದೊಡ್ಡ ತೋಪುಗಳು ವಿಜಯನಗರದ ಕೈಸೇರಿದವು. ಕೋಟೆಯ ಮುತ್ತಿಗೆಯಲ್ಲಿ ರಾಯನಿಗೆ ನೆರವಾದದ್ದು ಕೆಲವೇ ಮಂದಿ ಪೋರ್ಚುಗೀಸ್ ಕೋವಿಗಾರರು: ಗೋಡೆಯ ಮೇಲಿನ ಕಾವಲುಗಾರರು ತಲೆ ಎತ್ತದಂತೆ ಅವರು ಗುಂಡು ಹಾರಿಸುತ್ತಿದ್ದರೆ, ಕೆಳಗೆ ರಾಯನ ಸೈನಿಕರು ಹಾರೆ ಹಿಡಿದು ಗೋಡೆ ಕೀಳುತ್ತಿದ್ದರು. ಹೆಚ್ಚು ತೋಪಿದ್ದವನು ಸೋತ ಈ ಯುದ್ಧವನ್ನು ಸಿಡಿಮದ್ದಿನ ಸಿದ್ಧಾಂತದಲ್ಲಿ ಎಲ್ಲಿಡುವುದೆಂದು ನನಗೆ ಇನ್ನೂ ಯಾರೂ ತೃಪ್ತಿಯಾಗುವಂತೆ ಹೇಳಿಲ್ಲ.

ಹಾಗಿದ್ದರೆ ಈ ಮೂರು ರಾಜ್ಯಗಳು ಇನ್ನೂರು, ಮುನ್ನೂರು, ಆರುನೂರು ವರ್ಷ ನಿಂತದ್ದು ಹೇಗೆ? ಉತ್ತರ ಇರುವುದು ಕಂದಾಯದ ಕಡತಗಳಲ್ಲಿ. ಮೂವರ ಮುಂದೆಯೂ ಇದ್ದ ಸಮಸ್ಯೆ ಒಂದೇ. ನಾಡಿನ ಸಂಪತ್ತೆಲ್ಲ ಹೊಲದಲ್ಲಿ ದವಸದ ರೂಪದಲ್ಲಿದೆ, ನಾಣ್ಯ ಸಾಲದು, ದೂರದ ಪ್ರಾಂತ್ಯದಿಂದ ತೆರಿಗೆಯನ್ನು ರಾಜಧಾನಿಗೆ ತಂದು, ಮತ್ತೆ ಅದನ್ನೇ ಸಂಬಳವಾಗಿ ಪ್ರಾಂತ್ಯಕ್ಕೆ ಕಳಿಸುವುದು ಆಗದ ಮಾತು. ಆದ್ದರಿಂದ ಸೈನಿಕ ಅಧಿಕಾರಿಗೆ ಹಣದ ಬದಲು ಇಂತಿಷ್ಟು ಹಳ್ಳಿಗಳ ಕಂದಾಯ ಎತ್ತುವ ಹಕ್ಕನ್ನು ಬರೆದುಕೊಟ್ಟರು. ಆಟೋಮನ್ನರಲ್ಲಿ ಇದರ ಹೆಸರು ತಿಮಾರ್, ಸಫಾವಿದರಲ್ಲಿ ತಿಯೂಲ್, ಮೊಘಲರಲ್ಲಿ ಜಾಗೀರು, ನಮ್ಮ ಬಾಯಲ್ಲಿ ಜಹಗೀರು. ವಿಜಯನಗರದ ಅಮರನಾಯಕರ ಪದ್ಧತಿಯನ್ನು ಪಾಠ ಮಾಡಿರುವ ನಿಮಗೆ ಇದರ ರೂಪುರೇಷೆ ಹೊಸದಲ್ಲ.

ವ್ಯತ್ಯಾಸವಿದ್ದದ್ದು ಹಿಡಿತದಲ್ಲಿ. ಆಟೋಮನ್ನರಲ್ಲಿ ಬೇಸಾಯದ ಭೂಮಿ ಬಹುಮಟ್ಟಿಗೆ ರಾಜ್ಯದ್ದೇ ಆಗಿತ್ತು. ಸವಾರನಿಗೆ ಸಿಗುತ್ತಿದ್ದುದು ಅದರ ಆದಾಯ ಮಾತ್ರ. ವರ್ಷಕ್ಕೆ 20,000 ಅಕ್ಚೆ ಎಂಬ ಬೆಳ್ಳಿ ನಾಣ್ಯಗಳ ಒಳಗಿನ ಆದಾಯವುಳ್ಳದ್ದು ತಿಮಾರ್, ಒಂದು ಲಕ್ಷದವರೆಗಿನದು ಜಿಯಾಮೆತ್, ಅದನ್ನು ಮೀರಿದ್ದು ಹಾಸ್. ಆದಾಯ ಹೆಚ್ಚಿದಂತೆ ಅವನು ಯುದ್ಧಕ್ಕೆ ಕರೆತರಬೇಕಾದ ಶಸ್ತ್ರಸಜ್ಜಿತ ಆಳುಗಳ ಸಂಖ್ಯೆಯೂ ಏರುತ್ತಿತ್ತು. ಬರದಿದ್ದರೆ ಹಕ್ಕು ಹೋಯಿತು. ಪ್ರತಿ ಪ್ರಾಂತ್ಯದ ಮನೆ, ಹೊಲ, ಗಿರಣಿ, ಜೇನುಗೂಡುಗಳವರೆಗೂ ಎಣಿಸಿ ಬರೆದಿಟ್ಟ ದಫ್ತರಗಳು ಇಸ್ತಾಂಬುಲಿನ ಸಂಗ್ರಹಾಲಯದಲ್ಲಿ ಇಂದಿಗೂ ಇವೆ.

ಅಕ್ಬರನ ಕಾಲದಲ್ಲಿ ಈ ವ್ಯವಸ್ಥೆ ಇನ್ನಷ್ಟು ನಾಜೂಕಾಯಿತು. ಪ್ರತಿಯೊಬ್ಬ ಅಧಿಕಾರಿಗೂ ಹತ್ತರಿಂದ ಆರಂಭಿಸಿ ಸಾವಿರಗಳವರೆಗಿನ ಒಂದು ಅಂಕಿಯ ದರ್ಜೆ, ಅದೇ ಮನ್ಸಬ್. ಅವನ ಸ್ವಂತ ಅಂತಸ್ತನ್ನು ‘ಜಾತ್’ ಸೂಚಿಸಿದರೆ, ಸಾಕಬೇಕಾದ ಕುದುರೆ ಸವಾರರ ಸಂಖ್ಯೆಯನ್ನು ‘ಸವಾರ್’ ಸೂಚಿಸುತ್ತಿತ್ತು. ತಪಾಸಣೆಗೆ ಬೇರೆಯವರ ಕುದುರೆ ತಂದು ತೋರಿಸುವ ಮೋಸ ತಡೆಯಲು ಕುದುರೆಗೆ ಬರೆ ಹಾಕುತ್ತಿದ್ದರು, ಸವಾರನ ಮುಖಲಕ್ಷಣ ಬರೆದಿಡುತ್ತಿದ್ದರು. ಇವೆಲ್ಲಕ್ಕಿಂತ ಮುಖ್ಯವಾದದ್ದು ವರ್ಗಾವಣೆ: ಜಹಗೀರು ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಿತ್ತು, ಮಗನಿಗೆ ಹಕ್ಕಾಗಿ ಇಳಿಯುತ್ತಿರಲಿಲ್ಲ. ಹೀಗಾಗಿ ದೊಡ್ಡ ಅಮೀರನಿಗೂ ಒಂದು ಊರಿನಲ್ಲಿ ಬೇರು ಬಿಡಲು ಅವಕಾಶ ಸಿಗುತ್ತಿರಲಿಲ್ಲ. ಇದರ ಕೆಳಗೆ, ಅಡಿಪಾಯದಲ್ಲಿ, ರಾಜಾ ತೋಡರಮಲ್ಲನ ಹೆಸರಿನೊಡನೆ ಸೇರಿಕೊಂಡಿರುವ ಮೋಜಣಿ ಇತ್ತು. ಭೂಮಿ ಅಳೆದು, ಹತ್ತು ವರ್ಷದ ಬೆಳೆ ಮತ್ತು ಬೆಲೆಗಳ ಸರಾಸರಿ ತೆಗೆದು, ಸುಮಾರು ಮೂರನೆಯ ಒಂದು ಭಾಗವನ್ನು ನಗದಾಗಿ ನಿಗದಿಪಡಿಸಿದ ಈ ಏರ್ಪಾಡು 1580ರಲ್ಲಿ ಜಾರಿಗೆ ಬಂತು. ನಗದು ಕೇಳಿದ್ದರಿಂದ ರೈತ ಮಾರುಕಟ್ಟೆಗೆ ಬರಬೇಕಾಯಿತು. ನಾಣ್ಯಕ್ಕೆ ಬೇಕಾದ ಬೆಳ್ಳಿ ದಕ್ಷಿಣ ಅಮೆರಿಕದ ಗಣಿಗಳಿಂದ ಹೊರಟು, ಯುರೋಪು, ಆಟೋಮನ್ ಮತ್ತು ಇರಾನಿ ಪೇಟೆಗಳನ್ನು ಹಾಯ್ದು, ಬಟ್ಟೆ, ನೀಲಿಗಳ ಬೆಲೆಯಾಗಿ ಸೂರತ್ತಿನಲ್ಲಿ ಇಳಿಯುತ್ತಿತ್ತು.

ನಿಷ್ಠೆಯನ್ನು ಕೊಳ್ಳುವುದಕ್ಕೂ ಒಂದೊಂದು ರಾಜ್ಯ ಒಂದೊಂದು ದಾರಿ ಹಿಡಿಯಿತು. ಆಟೋಮನ್ನರು ಬಾಲ್ಕನ್ನಿನ ಕ್ರೈಸ್ತ ಕುಟುಂಬಗಳಿಂದ ಹುಡುಗರನ್ನು ಬಲವಂತವಾಗಿ ಒಯ್ದು, ಮತಾಂತರಿಸಿ, ತರಬೇತುಗೊಳಿಸಿ, ಸುಲ್ತಾನನ ಗುಲಾಮರಾಗಿಯೇ ಸೈನ್ಯಕ್ಕೂ ಆಡಳಿತಕ್ಕೂ ಸೇರಿಸಿಕೊಂಡರು. ತಾಯಿತಂದೆಯರ ಪಾಲಿಗೆ ಇದೊಂದು ಕ್ರೂರ ತೆರಿಗೆ. ಅದೇ ವೇಳೆ, ಸರ್ಬಿಯನ್ ಕುಟುಂಬದಲ್ಲಿ ಹುಟ್ಟಿ ಹೀಗೆ ಒಯ್ಯಲ್ಪಟ್ಟ ಸೊಕೊಲ್ಲು ಮೆಹಮದ್ ಪಾಷಾ 1565ರಿಂದ 1579ರವರೆಗೆ ಸಾಮ್ರಾಜ್ಯದ ಪ್ರಧಾನ ವಜೀರನಾಗಿದ್ದ, ಮಹಾಶಿಲ್ಪಿ ಸಿನಾನ್ ಕೂಡ ಇದೇ ದಾರಿಯಲ್ಲಿ ಬಂದವನು. ಕಿಜಿಲ್‌ಬಾಷ್ ನಾಯಕರ ಕಾಟದಿಂದ ಬೇಸತ್ತ ಶಾಹ್ ಅಬ್ಬಾಸ್ (ಆಳ್ವಿಕೆ 1588ರಿಂದ 1629) ಜಾರ್ಜಿಯನ್, ಅರ್ಮೇನಿಯನ್, ಸರ್ಕೇಶಿಯನ್ ಮೂಲದ ಗುಲಾಮರ ಪಡೆಯನ್ನು ಬೆಳೆಸಿ, ಅವರಿಗೆ ನಗದು ಸಂಬಳ ಕೊಡಲೆಂದು ಪ್ರಾಂತ್ಯಗಳನ್ನು ನೇರವಾಗಿ ತನ್ನ ಖಾಸಗಿ ಖಜಾನೆಗೆ ಸೇರಿಸಿಕೊಂಡ. ಅವನ ರಾಜಧಾನಿ ಇಸ್ಫಹಾನಿನ ವೈಭವ, 1622ರಲ್ಲಿ ಇಂಗ್ಲಿಷ್ ಕಂಪನಿಯ ಹಡಗುಗಳ ನೆರವಿನಿಂದ ಪೋರ್ಚುಗೀಸರಿಂದ ಹೋರ್ಮುಜ್ ಕಿತ್ತುಕೊಂಡದ್ದು, ಎಲ್ಲವೂ ಈ ಬದಲಾವಣೆಯ ಫಲ. ಗಡಿ ಕಾಯುವ ಸ್ಥಳೀಯ ಸೈನ್ಯಗಳು ಸೊರಗಿದ್ದೂ ಅದರದೇ ಫಲ. 1722ರಲ್ಲಿ ಕಂದಹಾರದ ಕಡೆಯಿಂದ ಬಂದ ಅಷ್ಟೇನೂ ದೊಡ್ಡದಲ್ಲದ ಆಫ್ಘನ್ ದಂಡಿಗೆ ಇಸ್ಫಹಾನ್ ಬಿದ್ದಿತು. ಅಕ್ಬರ ಗುಲಾಮರ ದಾರಿ ಹಿಡಿಯಲಿಲ್ಲ. ತುರಾನಿ (ಮಧ್ಯ ಏಷ್ಯಾ ಮೂಲದ), ಇರಾನಿ, ಹಿಂದೂಸ್ತಾನಿ ಮುಸ್ಲಿಂ ಮತ್ತು ರಾಜಪೂತ ಗುಂಪುಗಳನ್ನು ಒಂದರ ಎದುರು ಇನ್ನೊಂದು ತೂಗುವಂತೆ ದರ್ಬಾರಿನಲ್ಲಿ ಕೂರಿಸಿದ, 1564ರಲ್ಲಿ ಜಿಜಿಯಾ ತಲೆಗಂದಾಯವನ್ನು ತೆಗೆದುಹಾಕಿದ. ಹಿಂದೂಗಳೇ ಬಹುಸಂಖ್ಯೆಯಲ್ಲಿದ್ದ ನಾಡಿನಲ್ಲಿ ಇದು ಔದಾರ್ಯವೂ ಹೌದು, ಲೆಕ್ಕಾಚಾರವೂ ಹೌದು. ಔರಂಗಜೇಬನು 1679ರಲ್ಲಿ ಅದನ್ನು ಮತ್ತೆ ಹೇರಿದ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: 1453ರ ಪಾಠವನ್ನು ತಿದ್ದಿಕೊಳ್ಳುವುದು ಒಳ್ಳೆಯದು. ಭಾರತದ ಮೆಣಸು ಯುರೋಪಿಗೆ ಮುಖ್ಯವಾಗಿ ಹೋಗುತ್ತಿದ್ದುದು ಕೆಂಪು ಸಮುದ್ರ, ಕೈರೋ, ಅಲೆಕ್ಸಾಂಡ್ರಿಯಾಗಳ ಮೂಲಕ. ಆ ದಾರಿ 1517ರವರೆಗೆ ಈಜಿಪ್ಟಿನ ಮಮ್ಲೂಕ್ ಸುಲ್ತಾನರದಾಗಿತ್ತು, ಆಟೋಮನ್ನರದಲ್ಲ. ಪೋರ್ಚುಗೀಸರು ಆಫ್ರಿಕದ ಕರಾವಳಿಯತ್ತ ಹೊರಟದ್ದು 1415ರಲ್ಲಿ ಉತ್ತರ ಆಫ್ರಿಕದ ಸೆಯುಟಾ ಗೆದ್ದ ನಂತರ, ಎಂದರೆ ಕಾನ್‌ಸ್ಟಾಂಟಿನೋಪಲಿನ ಪತನಕ್ಕಿಂತ ಬಹಳ ಮೊದಲೇ. ವಾಸ್ಕೊ ಡ ಗಾಮಾ ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ. ಆಗ ಆಟೋಮನ್ನರು ಈಜಿಪ್ಟನ್ನು ಗೆಲ್ಲಲು ಇನ್ನೂ ಹತ್ತೊಂಬತ್ತು ವರ್ಷವಿತ್ತು. ಸುಂಕದಿಂದ ಬದುಕುವ ರಾಜ್ಯ ಸುಂಕದಕಟ್ಟೆಯನ್ನು ತಾನಾಗಿ ಮುಚ್ಚುವುದಿಲ್ಲ. 16ನೆಯ ಶತಮಾನದ ಮಧ್ಯಭಾಗದಲ್ಲಿ, ಆಟೋಮನ್ನರ ಆಳ್ವಿಕೆಯಲ್ಲೇ, ಕೆಂಪು ಸಮುದ್ರದ ಮೆಣಸಿನ ವ್ಯಾಪಾರ ಮತ್ತೆ ಚಿಗುರಿತ್ತು. ಪೋರ್ಚುಗೀಸರು ಹುಡುಕುತ್ತಿದ್ದುದು ಮುಚ್ಚಿದ ದಾರಿಗೆ ಬದಲಿಯನ್ನಲ್ಲ. ಮಧ್ಯವರ್ತಿಗಳಿಗೂ ವೆನಿಸಿನ ವರ್ತಕರಿಗೂ ಹೋಗುತ್ತಿದ್ದ ಲಾಭವನ್ನು.

ಪ್ರಭಾವದ ವಿಷಯಕ್ಕೆ ಬಂದರೆ, ನನ್ನ ತೂಕದಲ್ಲಿ ಮೂರರಲ್ಲಿ ಅತ್ಯಂತ ಆಳವಾದ ಗುರುತು ಬಿಟ್ಟದ್ದು ಗಾತ್ರದಲ್ಲಿ ಚಿಕ್ಕದಾಗಿದ್ದ ಸಫಾವಿದ್ ರಾಜ್ಯ. 1501ಕ್ಕೆ ಮೊದಲು ಇರಾನಿನ ಬಹುಪಾಲು ಜನ ಸುನ್ನಿಗಳಾಗಿದ್ದರು. ಇಸ್ಮಾಯಿಲ್ ಹನ್ನೆರಡು ಇಮಾಮರ ಶಿಯಾ ಪಂಥವನ್ನು ರಾಜಧರ್ಮವಾಗಿ ಸಾರಿದ. ಒಪ್ಪದವರ ಮೇಲೆ ಬಲಪ್ರಯೋಗವೂ ನಡೆಯಿತು. ಬೋಧಿಸಲು ಬೇಕಾದ ವಿದ್ವಾಂಸರು ಇರಾನಿನಲ್ಲಿ ಸಾಕಷ್ಟಿಲ್ಲದೆ ಇಂದಿನ ಲೆಬನಾನಿನ ಜಬಲ್ ಆಮಿಲ್ ಪ್ರದೇಶದಿಂದಲೂ ಕರೆಸಬೇಕಾಯಿತು. ಇಂದಿನ ಇರಾನಿನ ಧಾರ್ಮಿಕ ಸ್ವರೂಪದ ಬೇರು ಅಲ್ಲಿದೆ, ಇರಾನ್ ಮತ್ತು ಇರಾಕ್ ನಡುವಿನ ಗಡಿರೇಖೆಯ ಬಹುಭಾಗಕ್ಕೆ 1639ರ ಆಟೋಮನ್–ಸಫಾವಿದ್ ಒಪ್ಪಂದವೇ ಮೂಲ.

ಆ ಅಲೆ ಕರ್ನಾಟಕವನ್ನು ಮುಟ್ಟಲು ಹೆಚ್ಚು ಕಾಲ ಹಿಡಿಯಲಿಲ್ಲ. ಇಸ್ಮಾಯಿಲನ ಘೋಷಣೆಯ ಒಂದೆರಡು ವರ್ಷದಲ್ಲೇ ಬಿಜಾಪುರದಲ್ಲಿ ಯೂಸುಫ್ ಆದಿಲ್ ಖಾನನು ಶಿಯಾ ಪಂಥದ ಖುತ್ಬಾ, ಎಂದರೆ ಅರಸನ ಹೆಸರನ್ನೂ ಹೇಳುವ ಶುಕ್ರವಾರದ ಪ್ರವಚನ, ಓದಿಸಿದ. ನೆರೆಯ ಸುಲ್ತಾನರು ಒಟ್ಟಾಗಿ ಮೇಲೆ ಬಿದ್ದಾಗ ತಾತ್ಕಾಲಿಕವಾಗಿ ಹಿಂದೆ ಸರಿದನಾದರೂ, ಮುಂದೆ ಅವನ ಮಗ ಇಸ್ಮಾಯಿಲ್ ಆದಿಲ್ ಖಾನನು ಇರಾನಿನ ರಾಯಭಾರಿ ಬಂದ ಸಂತೋಷದಲ್ಲಿ ತನ್ನ ಸೈನ್ಯಕ್ಕೆ ಹನ್ನೆರಡು ಮೊನೆಯ ಕೆಂಪು ಟೋಪಿ ಧರಿಸಲು ಆಜ್ಞಾಪಿಸಿದನೆಂದು ಬಿಜಾಪುರದ ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ರಾಯಚೂರಿನಲ್ಲಿ ಕೃಷ್ಣದೇವರಾಯನಿಗೆ ಎದುರಾದ ಅರಸ ಇವನೇ ಎಂಬುದನ್ನು ಗಮನಿಸಿ. ನೆರೆಯ ಗೋಲ್ಕೊಂಡದಲ್ಲಿ ಇರಾನಿನ ಶಾಹನ ಹೆಸರನ್ನೇ ಖುತ್ಬಾದಲ್ಲಿ ಓದುತ್ತಿದ್ದರು. 1636ರಲ್ಲಿ ಷಹಜಹಾನನು ಅದನ್ನು ನಿಲ್ಲಿಸಿ ತನ್ನ ಹೆಸರು ಓದಬೇಕೆಂದು ಒಪ್ಪಂದದಲ್ಲೇ ಬರೆಸಿಕೊಂಡ. ದಖ್ಖನಿನ ಮೇಲೆ ಮೊಘಲರು ಕಣ್ಣಿಟ್ಟದ್ದಕ್ಕೆ ಇದ್ದ ಕಾರಣಗಳಲ್ಲಿ ಇದೂ ಒಂದು.

ಆಟೋಮನ್ನರು ನಮ್ಮಲ್ಲಿಗೆ ಬಂದದ್ದು ಕುಶಲಕರ್ಮಿಗಳ ರೂಪದಲ್ಲಿ, ಮಾತಿನ ರೂಪದಲ್ಲಿ. ಕನ್ನಡದ ‘ತೋಪು’, ‘ತುಪಾಕಿ’ಗಳೆರಡರ ಮೂಲವೂ ತುರ್ಕಿ ಭಾಷೆ, ‘ಫಿರಂಗಿ’ ಎಂಬುದು ಪಶ್ಚಿಮದ ಫ್ರಾಂಕರ ಹೆಸರಿನಿಂದ ಬಂದದ್ದು. ಒಂದೇ ಆಯುಧಕ್ಕೆ ನಮ್ಮಲ್ಲಿ ಎರಡು ಹೆಸರಿರುವುದೇ ಅದು ಎರಡು ದಿಕ್ಕಿನಿಂದ ಬಂದದ್ದಕ್ಕೆ ಸಾಕ್ಷಿ. ತಹಸೀಲ್ದಾರ, ಶಿರಸ್ತೇದಾರ, ಜಮಾಬಂದಿ ಮುಂತಾದ ಕಂದಾಯ ಇಲಾಖೆಯ ಪದಗಳು ಪಾರ್ಸಿ ಆಡಳಿತದಿಂದ ಇಳಿದವು. ಬಹಮನಿ ಮತ್ತು ಆದಿಲ್‌ಶಾಹಿ ಕಚೇರಿಗಳು, ಮೊಘಲರು, ಮರಾಠರು, ಹೈದರ್ ಮತ್ತು ಟಿಪ್ಪು, ಎಲ್ಲರೂ ಅವುಗಳನ್ನು ಸಾಗಿಸಿದವರೇ.

ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದಾದರೆ ವಿಜಯಪುರದ ಷೇರ್ಜಾ ಬುರುಜನ್ನು ಹತ್ತಿಸಿ. ಅಲ್ಲಿರುವ ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ ತೂಗುತ್ತದೆ. ಅದರ ಬಾಯಿ ಆನೆಯನ್ನು ಹಲ್ಲಿನಲ್ಲಿ ಅಗಿಯುತ್ತಿರುವ ಮೃಗದ ಆಕಾರದಲ್ಲಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಅದನ್ನು ಎರಕ ಹೊಯ್ದವನು ಮುಹಮ್ಮದ್ ಎಂಬ ರೂಮಿ, ಆಟೋಮನ್ ನಾಡಿನಿಂದ ಬಂದವನು. ಹೊಯ್ಯಿಸಿದ ನಿಜಾಮ್‌ಶಾಹಿ ಸುಲ್ತಾನ ಇರಾನಿನಂತೆ ಶಿಯಾ ಪಂಥ ಒಪ್ಪಿದ್ದವನು. ಈ ತೋಪು ಬುರುಜಿನ ಮೇಲಿರುವಾಗಲೇ, ವರ್ಷಕ್ಕೂ ಮಿಕ್ಕಿದ ಮುತ್ತಿಗೆಯ ನಂತರ, 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲ್ ಶಾಹನು ಔರಂಗಜೇಬನಿಗೆ ಶರಣಾದ. ಗೆದ್ದವನು ಅದರ ಮೈಮೇಲೆ ತನ್ನ ಹೆಸರಿನ ಶಾಸನವನ್ನೂ ಕೆತ್ತಿಸಿದ್ದಾನೆ. ಮೂರೂ ಸಾಮ್ರಾಜ್ಯಗಳ ಗುರುತನ್ನು ಒಂದೇ ಲೋಹದಲ್ಲಿ ಬೆರಳಿಟ್ಟು ತೋರಿಸಬಹುದು.